ಊರ ಬಾಯಿ ಕಾಯ್ದ ಓಮ್ರಿನಾ

ಬಡಗಣ ಹಿಮಗಡಲಿನ ದಡದ ನಮ್ಮ ಊರು ಎನ್ಮಿಕೈಯಲ್ಲಿ ಬೇಕರಿಯ ಓಮ್ರಿನಾಳಷ್ಟು ದೊಡ್ಡ ಗಂಟಲು ಇನ್ನಾರಿಗೂ ಇರಲಿಲ್ಲ. ಬ್ರೆಡ್ಡು ಒಲೆಯಿಂದ ಇಳಿದ ಕೂಡಲೇ ಆಕೆ ಬಾಗಿಲಲ್ಲಿ ನಿಂತು ಒಂದು ಕೂಗು ಹಾಕುತ್ತಿದ್ದಳು. ಊರಿನ ಆ ತುದಿಯ ಕೊನೆಯ ಮನೆಯಲ್ಲಿ ಚಹಾಕ್ಕೆ ನೀರಿಡುತ್ತಿದ್ದರು. ದಟ್ಟ ಮಂಜಿನ ಕಾವಳ ಕವಿದ ದಿನ ಸಮುದ್ರದಲ್ಲಿ ದಿಕ್ಕು ತಪ್ಪಿದ ಬೇಟೆದೋಣಿಗಳಿಗೆ ದಡ ತೋರಿಸಲು ನಮ್ಮವರು ತಗಡು ಬಡಿಯುವುದನ್ನೇ ಬಿಟ್ಟಿದ್ದರು. ಓಮ್ರಿನಾಳನ್ನು ಕರೆದು ನೀರಂಚಿನಲ್ಲಿ ನಿಲ್ಲಿಸಿ ಅವಳ ಗಂಡನ ವಿಷಯ ತೆಗೆದರೆ ಸಾಕಿತ್ತು. ದೋಣಿಗಳು ಆ ಬೈಗುಳ ಕೇಳಿಬಂದ ಕಡೆಗೆ ಮೂತಿ ತಿರುಗಿಸಿ ನೆಟ್ಟಗೆ ಮನೆ ಸೇರುತ್ತಿದ್ದವು.

ಗಂಡ ನುತೆಗೆ ಬಾಯೇ ಇರಲಿಲ್ಲ. ಊರಿಗೆಲ್ಲ ಬಿಸಿನೀರು ಕಳಿಸುವ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಎಸೆಯುವ ಕೆಲಸ, ಅದೂ ರಾತ್ರಿ ಪಾಳಿ. ಬೆಳಗಾದ ಮೇಲೆ ಮಸಿ ತೊಳೆದುಕೊಂಡು ಬೇಕರಿಯ ಹಿಂಗೋಡೆಗೆ ಅಂಟಿಕೊಂಡಿದ್ದ ಹಲಗೆಯ ಕೊಟ್ಟಿಗೆಗೆ ಹೋಗಿ ಮಲಗಿಬಿಡುತ್ತಿದ್ದ. ಒಲೆಯ ಕಾವು ಆ ಗೋಡೆಯಲ್ಲಿ ಇಡೀ ಹಗಲು ಉಳಿಯುತ್ತಿತ್ತು. ಎಚ್ಚರದಲ್ಲಿ ಆಡದೆ ಉಳಿಸಿಕೊಂಡ ಮಾತನ್ನೆಲ್ಲ ನಿದ್ದೆಯಲ್ಲಿ ಗೊರಕೆ ಮಾಡಿ ಖರ್ಚು ಮಾಡುತ್ತಿದ್ದ. ಇಬ್ಬರು ಹೆಣ್ಣುಮಕ್ಕಳನ್ನೂ ಬೇರೆ ಊರಿಗೆ ಕೊಟ್ಟಾಗಿತ್ತು. "ದೂರಕ್ಕೇ ಕೊಟ್ವಿ. ಆದ್ರೂ ಅಮ್ಮನ ದನಿ ಕೇಳ್ಸತ್ತಂತೆ," ಎಂದು ಒಮ್ಮೆ ನುತೆ ಹೇಳಿದ್ದುಂಟು. ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದೇ.

ಮೊದಲೆಲ್ಲ ಕೋರೆದಾಡೆಯ ದಢೂತಿ ಕಡಲಪ್ರಾಣಿಗಳಾದ ವಾಲ್ರಸ್‌ಗಳು ಬೇಸಿಗೆಯುದ್ದಕ್ಕೂ ತೇಲುವ ಮಂಜುಗಡ್ಡೆಯ ಮೇಲೆ ಮಲಗಿ ಅದು ಹೋದ ಕಡೆ ಹೋಗುತ್ತಿದ್ದವು. ನಮ್ಮ ಗಂಡಸರು ದೋಣಿ ಇಳಿಸಿ ಚಳಿಗಾಲಕ್ಕೆ ಬೇಕಾದಷ್ಟನ್ನು ಬೇಟೆಯಾಡಿ ತರುತ್ತಿದ್ದರು. ಬರಬರುತ್ತಾ ಮಂಜುಗಡ್ಡೆ ಬೇಸಿಗೆ ಮುಗಿಯುವ ಮುಂಚೆಯೇ ಕಣ್ಣಿಗೆ ಕಾಣದಷ್ಟು ದೂರ ಬಡಗಣಕ್ಕೆ ಸರಿಯತೊಡಗಿತು. ಮಲಗಲು ಜಾಗವಿಲ್ಲದ ಪ್ರಾಣಿಗಳು ಏನು ಮಾಡಿಯಾವು? ಒಂದು ಸೆಪ್ಟೆಂಬರಿನಲ್ಲಿ, ಊರಿನ ಮೂಡಲಿಗೆ ಸಮುದ್ರದೊಳಕ್ಕೆ ಚಾಚಿಕೊಂಡ ಮರಳಪಟ್ಟಿಯ ಮೇಲೆ ಬಂದು ಬಿದ್ದುಕೊಂಡವು. ನೂರಲ್ಲ, ಇನ್ನೂರಲ್ಲ, ಸಾವಿರಗಟ್ಟಲೆ. ಮರಳೇ ಕಾಣಿಸದಂತೆ, ಒಂದರ ಬೆನ್ನ ಮೇಲೊಂದು, ಉಗಿಸ್ನಾನದ ಮನೆಯಲ್ಲಿ ಬೆಂಚಿಗಾಗಿ ಜಗಳಾಡುವ ಮುದುಕರ ಹಾಗೆ ಗುರುಗುಟ್ಟುತ್ತಾ, ತಿವಿದಾಡುತ್ತಾ, ಮತ್ತೆ ನಿದ್ದೆ ಹೋಗುತ್ತಾ.

ಆ ವರ್ಷ ನಮಗದು ಹಬ್ಬವಾಗಿಹೋಯಿತು. ಮಕ್ಕಳು ನೋಡಲು ಓಡಿದರು, ಮಕ್ಕಳ ಹಿಂದೆ ನಾಯಿಗಳು ಓಡಿದವು, ಪಡ್ಡೆ ಹುಡುಗರು ಮೋಟಾರು ಬಂಡಿ ಹತ್ತಿ ಹೋದರು. ಒಂದು ಮಧ್ಯಾಹ್ನ ಯಾರೋ ಪ್ರವಾಸಿಗರನ್ನು ಹೊತ್ತ ಹೆಲಿಕಾಪ್ಟರೊಂದು ಫೋಟೊಕ್ಕೆಂದು ತಗ್ಗಿಗಿಳಿದು ಮರಳಪಟ್ಟಿಯ ಮೇಲೆ ಒಂದು ಸುತ್ತು ಬಂತು. ಮೊದಲು ಒಂದು ತಲೆ ಎದ್ದಿತು. ಆಮೇಲೆ ಎಲ್ಲ ತಲೆಗಳೂ ಎದ್ದವು. ಅಷ್ಟೂ ಮೈಗಳು ಒಮ್ಮೆಲೇ ನೀರಿನತ್ತ ಉರುಳಿದವು. ನೆಲ ಅದುರಿ ಬೇಕರಿಯ ತಟ್ಟೆಗಳು ಗಲಗಲ ಎಂದವು.

ಗದ್ದಲ ಅಡಗಿದ ಮೇಲೆ ಹೋಗಿ ನೋಡಿದೆವು. ಮರಳ ಮೇಲೆ ಉಳಿದಿದ್ದದ್ದು ತುಳಿತಕ್ಕೆ ಸಿಕ್ಕ ಮರಿಗಳು, ಹೆಚ್ಚಿನವು ಅದೇ ವಸಂತದಲ್ಲಿ ಹುಟ್ಟಿದವು. ನೀರಿನಲ್ಲಿ ಒಂದು ತಾಯಿ ತಲೆ ಎತ್ತಿ ಎತ್ತಿ ದಡದ ಕಡೆ ನೋಡುತ್ತಿತ್ತು. ಓಮ್ರಿನಾ ಒಂದು ಮರಿಯ ಪಕ್ಕದಲ್ಲಿ ಕೂತು ಅದರ ಮೀಸೆಗೆ ಮೆತ್ತಿದ ಮರಳನ್ನು ಏಪ್ರನ್ನಿನ ಅಂಚಿನಿಂದ ಒರೆಸುತ್ತಿದ್ದಳು. ಅವತ್ತು ಆಕೆ ಯಾರನ್ನೂ ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೂಗಲೂ ಇಲ್ಲ. ಊರೆಲ್ಲ ತಣ್ಣಗಿನ ಬ್ರೆಡ್ಡು ತಿಂದಿತು. ಹೆಣಗಳ ವಾಸನೆ ಹಿಡಿದು ಬಿಳಿ ಕರಡಿಗಳು ಬಂದವು, ಶಾಲೆಗೆ ರಜೆ ಕೊಟ್ಟು ಮನೆಯೊಳಗೆ ಕೂರಬೇಕಾಯಿತು.

ಮುಂದಿನ ವರ್ಷ, ಅವು ಬರುವ ಮುಂಚೆಯೇ, ಕ್ಲಬ್ಬಿನಲ್ಲಿ ಊರು ಸಭೆ ಸೇರಿತು. ಬೇಟೆಗಾರರಲ್ಲೆಲ್ಲ ಹಿರಿಯನಾದ ರಿಟ್ಗೆವ್ ತಾತ ಎದ್ದು ನಿಂತ.

"ಅವು ಮರಳ ಮೇಲಿರೋ ತನಕ ಬಂದೂಕಿನ ಸದ್ದು ಕೂಡ್ದು. ಮೋಟಾರು ಕೂಡ್ದು. ನಾಯಿಗಳು ಗುಡ್ಡದಾಚೆ. ದಡದಲ್ಲಿ ಹೊಗೆ ಎಬ್ಬಿಸೋ ಹಾಗಿಲ್ಲ. ಮಾಂಸ ಬೇಕಾದ್ರೆ ನಮ್ಮಜ್ಜಂದಿರ ಹಾಗೆ ಈಟಿ ಹಿಡ್ಕೊಂಡು, ಅಂಚಿನಲ್ಲಿ ಮಲಗಿರೋದನ್ನ, ಸದ್ದಿಲ್ದೆ. ಹೆಲಿಕಾಪ್ಟರು ನೆಲದ ಕಡೆಯಿಂದ ಸುತ್ತಿ ಬರ್ಲಿ ಅಂತ ರೇಡಿಯೋದಲ್ಲಿ ಹೇಳಿದೀನಿ."

ಎಲ್ಲರೂ ತಲೆಯಾಡಿಸಿದರು. ಕಾಯುವವರು ಯಾರು ಎಂಬ ಪ್ರಶ್ನೆ ಬಂತು.

"ಓಮ್ರಿನಾ," ಎಂದ ತಾತ.

ಸಭೆ ಹೋ ಎಂದು ನಕ್ಕಿತು. ಬಾಗಿಲ ಹತ್ತಿರ ಕೂತಿದ್ದವನೊಬ್ಬ, "ತಾತಾ, ನಿಂಗೆ ಕಿವಿ ಮಂದ ಅಂತ ಗೊತ್ತು. ಅವಳ ಬಾಯೂ ಕೇಳ್ಸಲ್ವಾ?" ಎಂದ.

"ಕೇಳ್ಸತ್ತೆ ಕಣೋ, ಅದಕ್ಕೇ ಹೇಳಿದ್ದು. ಇವಳೊಬ್ಳು ಸುಮ್ಮನಾದ್ರೆ ಊರಿನ ಅರ್ಧ ಗದ್ದಲ ಅಲ್ಲಿಗೇ ಮುಗೀತು. ಇನ್ನರ್ಧ ಇವಳೇ ಮುಗಿಸ್ತಾಳೆ."

ಓಮ್ರಿನಾ ಎದ್ದು ನಿಂತು ಬಾಯಿ ತೆರೆದಳು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಬಂದದ್ದು ಪಿಸುಮಾತು. "ಆಗ್ಲಿ. ಆದ್ರೆ ನಾನು ಬಾಯಿ ಮುಚ್ಕೊಂಡ ಮೇಲೆ ನೀವೆಲ್ಲ ನನಗಿಂತ ಬಿಗಿಯಾಗಿ ಮುಚ್ಕೋಬೇಕು."

ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ನುತೆ ಬೆಚ್ಚಿಬಿದ್ದು ಎದ್ದ. "ಏನಾಯ್ತು? ಅವಳಿಗೆ ಹುಷಾರಿಲ್ವಾ?"

ಓಮ್ರಿನಾ ಕೆಲಸಕ್ಕಿಳಿದ ರೀತಿ ನೋಡಿ ಅವಳನ್ನು ಆರಿಸಿದ ತಾತನೇ ಬೆವರಿದ. ಮೊದಲು ಶಾಲೆಯ ಗಂಟೆಯ ನಾಲಗೆಗೆ ಉಣ್ಣೆಯ ಕಾಲುಚೀಲ ಹಾಕಿದಳು. ಮೋಟಾರು ಬಂಡಿಗಳ ಪ್ಲಗ್ಗುಗಳನ್ನೆಲ್ಲ ಬಿಚ್ಚಿಸಿ ತನ್ನ ಏಪ್ರನ್ನಿನ ಜೇಬಿಗೆ ಸೇರಿಸಿದಳು. ಕ್ಲಬ್ಬಿನ ಅಕಾರ್ಡಿಯನ್ ವಾದ್ಯ ಹಿಟ್ಟಿನ ಪೆಟ್ಟಿಗೆಯೊಳಗೆ ಮಲಗಿತು. ಆಮೇಲೆ ಸಭೆ ಮಾಡದ ನಿಯಮಗಳು ಹುಟ್ಟಿಕೊಳ್ಳತೊಡಗಿದವು. ಬಾಗಿಲ ಕೀಲುಗಳಿಗೆ ಸೀಲ್ ಪ್ರಾಣಿಯ ಎಣ್ಣೆ ಹಾಕಿದ್ದಾರೋ ಇಲ್ಲವೋ ಎಂದು ಮನೆಮನೆಗೆ ಹೋಗಿ ಬೆರಳಿಟ್ಟು ನೋಡಿದಳು. ಚಹಾದ ಲೋಟದಲ್ಲಿ ಚಮಚ ಆಡಿಸಬಾರದು, ಸಕ್ಕರೆ ಗಡ್ಡೆ ಕಚ್ಚಿಕೊಂಡೇ ಕುಡಿಯಬೇಕು. ಸೀನು ಬಂದರೆ ದಿಂಬಿನಲ್ಲಿ.

"ಅಕ್ಕಾ, ವಾಲ್ರಸ್ಸು ಅಲ್ಲಿದೆ, ಚಮಚ ಇಲ್ಲಿದೆ. ಅದಕ್ಕೆ ಹೆಂಗೆ ಕೇಳ್ಸತ್ತೆ?" ಎಂದು ನಾನು ಕೇಳಿದೆ.

"ಕೇಳ್ಸಲ್ಲ. ನಿಂಗೆ ಅಭ್ಯಾಸ ಆಗ್ಲಿ ಅಂತ. ಚಮಚಕ್ಕೆ ಹೆದರೋಳು ಬಂದೂಕು ಮುಟ್ತಾಳೇನು?"

ಜಗಳಕ್ಕೂ ಅವಳು ಜಾಗ ಗೊತ್ತುಮಾಡಿದಳು. ನಾನೂ ನನ್ನ ನಾದಿನಿ ಝೋಯಾಳೂ ಅಕ್ಕಪಕ್ಕದ ಮನೆಯವರು. ಮಾಂಸ ಒಣಹಾಕುವ ಕಂಬಗಳ ನಡುವೆ ಯಾರ ಗೆರೆ ಎಲ್ಲಿಗೆ ಬರುತ್ತದೆ ಎಂಬ ವಿಷಯದಲ್ಲಿ ನಮ್ಮ ವ್ಯಾಜ್ಯ ಮದುವೆಯಾದ ದಿನದಿಂದ ನಡೆದುಬಂದದ್ದು. ಪಿಸುಮಾತಿನಲ್ಲಿ ಬೈದು ನೋಡಿದೆವು, ರುಚಿಯೇ ಇಲ್ಲ. ಝೋಯಾ ತಡೆಯಲಾರದೆ ಒಮ್ಮೆ ದನಿ ಎತ್ತಿದಳು. ಓಮ್ರಿನಾ ಅಲ್ಲೇ ಪ್ರತ್ಯಕ್ಷ.

"ಜಗಳ ಆಡ್ಬೇಕಾ? ಆಡ್ರಮ್ಮಾ, ಬೇಡ ಅಂದವರ್ಯಾರು. ಗುಡ್ಡದಾಚೆ ಹಳೇ ಹವಾಮಾನ ಠಾಣೆ ಖಾಲಿ ಬಿದ್ದಿದೆ. ಅಲ್ಲಿಗೆ ಹೋಗಿ ಮನಸಾರೆ ಕಿರುಚ್ಕೊಳ್ಳಿ. ಕೂದ್ಲು ಹಿಡ್ಕೊಳೋದಾದ್ರೆ ಇಲ್ಲೇ ಹಿಡ್ಕೋಬಹುದು, ಅದಕ್ಕೆ ಸದ್ದಿಲ್ಲ."

ಹಟಕ್ಕೆ ಬಿದ್ದು ಇಬ್ಬರೂ ಹೊರಟೆವು. ಗುಡ್ಡ ಹತ್ತುವಾಗ ಮಾತಿಲ್ಲ. ಇಳಿಯುವಾಗ ಏದುಸಿರು. ಠಾಣೆಯ ಹತ್ತಿರ ಪಾಚಿನೆಲದ ತುಂಬ ಕಪ್ಪು ಕಾಡುಹಣ್ಣು ಬಿಟ್ಟಿತ್ತು. ಯಾರೂ ಆ ಕಡೆ ಹೋಗಿರಲಿಲ್ಲವಲ್ಲ. ಬುಟ್ಟಿ ತಂದಿರಲಿಲ್ಲವೆಂದು ಝೋಯಾ ತನ್ನ ತಲೆವಸ್ತ್ರ ಬಿಚ್ಚಿ ಹಾಸಿದಳು. ಗಂಟು ಕಟ್ಟಿಕೊಂಡು ಮನೆಗೆ ಬಂದಮೇಲೆ ನೆನಪಾಯಿತು, ಜಗಳ ಆಡಿಯೇ ಇರಲಿಲ್ಲ.

ಇನ್ನೊಂದು ವಿಚಿತ್ರವೂ ನಡೆಯಿತು. ಊರೆಲ್ಲ ಪಿಸುಗುಟ್ಟತೊಡಗಿದ ಮೇಲೆ ಪ್ರತಿಯೊಂದು ಮಾತೂ ಗುಟ್ಟಿನ ಹಾಗೆ ಕೇಳಿಸಿತು. ಉಪ್ಪು ಕೇಳಲು ಬಂದವರು ಕಿವಿಯ ಹತ್ತಿರ ಬಾಯಿ ತಂದಮೇಲೆ ಉಪ್ಪಿನ ಜೊತೆ ಇನ್ನೇನನ್ನೋ ಹೇಳಿಹೋಗುತ್ತಿದ್ದರು. ಓಮ್ರಿನಾಗೆ ಒಂದೇ ತಿಂಗಳಲ್ಲಿ ಊರಿನ ಒಳಗುಟ್ಟೆಲ್ಲ ಕೈವಶವಾಯಿತು. ಆಮೇಲೆ ಅವಳು ಯಾರಿಗೂ ಗದರಬೇಕಾಗಿಯೇ ಬರಲಿಲ್ಲ. ಹುಬ್ಬು ಎತ್ತಿದರೆ ಸಾಕು, ಕೈಯಲ್ಲಿದ್ದ ಸುತ್ತಿಗೆ ತಾನಾಗಿ ಕೆಳಗಿಳಿಯುತ್ತಿತ್ತು.

ಅಷ್ಟರಲ್ಲಾಗಲೇ ವಾಲ್ರಸ್ಸುಗಳು ಮತ್ತೆ ಬಂದು ಮರಳಪಟ್ಟಿ ತುಂಬಿದ್ದವು. ಹೀಗಿರುವಾಗ ಟಪಾಲು ಹೆಲಿಕಾಪ್ಟರಿನಲ್ಲಿ ಗೆರ್ಮಾನ್ ಲ್ವೋವಿಚ್ ಬಂದಿಳಿದ. ಪಟ್ಟಣದವನು, ಕಾಡುಮೃಗಗಳ ಚಿತ್ರ ತೆಗೆದು ಟೀವಿಗೆ ಕೊಡುವವನು. ಜೊತೆಗೆ ದನಿ ಹಿಡಿಯುವ ಹುಡುಗಿ ಇನ್ನಾ, ಕ್ಯಾಮೆರಾ, ಮತ್ತು ಜೇನುನೊಣದ ಹಾಗೆ ಗುಂಯ್‌ಗುಟ್ಟುತ್ತಾ ಹಾರುವ ಇನ್ನೊಂದು ಪುಟ್ಟ ಕ್ಯಾಮೆರಾ. ಮರಳಪಟ್ಟಿಗೆ ಹೋಗಲೇಬೇಕು, ಅನುಮತಿ ಮೇಲಿನಿಂದಲೇ ಸಿಕ್ಕಿದೆ ಎಂದ.

ರಿಟ್ಗೆವ್ ತಾತ ಎಷ್ಟು ಹೇಳಿದರೂ ಕೇಳಲಿಲ್ಲ. ಅಂದು ಗಾಳಿ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸುತ್ತಿತ್ತು. ಒಬ್ಬ ಮನುಷ್ಯ ಮರಳಪಟ್ಟಿಯತ್ತ ಹೆಜ್ಜೆಯಿಟ್ಟರೂ ಅವನ ವಾಸನೆ ಅವನಿಗಿಂತ ಮುಂಚೆ ಹೋಗಿ ಮುಟ್ಟುತ್ತಿತ್ತು. ಅದನ್ನೂ ತಾತ ವಿವರಿಸಿದ.

"ನೀವು ಕರ್ಕೊಂಡು ಹೋಗದಿದ್ರೆ ನಾವೇ ಹೋಗ್ತೀವಿ. ನಕ್ಷೆ ಇದೆ ನನ್ನ ಹತ್ರ," ಎಂದ ಗೆರ್ಮಾನ್.

"ಹೋಗ್ಬೇಡಿ ಅಂದವರ್ಯಾರು ಸ್ವಾಮೀ?" ಓಮ್ರಿನಾ ಹಿಂದಿನಿಂದ ಪಿಸುಗುಟ್ಟಿದಳು. "ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ. ಆದ್ರೆ ನಿಯಮ ಇದೆ."

ತಾತ ದಿಗಿಲುಬಿದ್ದು ಅವಳ ಮುಖ ನೋಡಿದ. ಆಮೇಲೆ ಅವಳ ಕಣ್ಣು ನೋಡಿ, ಕೆಮ್ಮು ಬಂದವನ ಹಾಗೆ ಆಚೆಗೆ ತಿರುಗಿದ.

ಹಾರುವ ಕ್ಯಾಮೆರಾ ತೇವಕ್ಕೆ ಕೆಡುತ್ತದೆಂದು ಹೇಳಿ ಅದನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಅಕಾರ್ಡಿಯನ್ನಿನ ಪಕ್ಕ ಮಲಗಿಸಿ ಬೀಗ ಹಾಕಿದಳು. ಗೆರ್ಮಾನನ ಹೊಳೆಯುವ ಕೋಟು ಕೈಯಾಡಿಸಿದರೆ ಸರಸರ ಎನ್ನುತ್ತಿತ್ತು. ಅದನ್ನು ಬಿಚ್ಚಿಸಿ ನುತೆಯ ಮಸಿ ಹಿಡಿದ ಕೋಟನ್ನು ಒಳಮೈ ಹೊರಗೆ ಮಾಡಿ ತೊಡಿಸಿದಳು.

"ಇದನ್ನ ಒಳಗು ಹೊರಗು ಮಾಡಿ ಹಾಕ್ಕೋಬೇಕಾ? ಇದೂ ನಿಯಮಾನಾ?" ಎಂದ ಗೆರ್ಮಾನ್.

"ಅದೇ ಮುಖ್ಯವಾದ ನಿಯಮ. ಇನ್ನು ಮೇಲೆ ತಲೆ ಮೊಣಕಾಲಿಗಿಂತ ಮೇಲೆ ಬರಬಾರ್ದು. ನಾನು ಮುಂದೆ. ಇವಳು ಹಿಂದೆ," ಎಂದು ನನ್ನನ್ನು ತೋರಿಸಿದಳು. "ಯಾರಾದ್ರೂ ತಲೆ ಎತ್ತಿದ್ರೆ ಇವಳು ಕಾಲು ಹಿಡಿದು ಎಳೀತಾಳೆ. ಹೊಸಬರಾ, ಹಳಬರಾ ನೋಡಲ್ಲ."

ಕಾವಳ ದಟ್ಟವಾಗಿತ್ತು, ಚಾಚಿದ ಕೈ ಕಾಣುತ್ತಿರಲಿಲ್ಲ. ಓಮ್ರಿನಾ ಅವರನ್ನು ಊರ ಪಡುವಣದ ತೊರೆಯ ಪಾತ್ರಕ್ಕೆ ಇಳಿಸಿದಳು. ಮರಳಪಟ್ಟಿ ಮೂಡಲಿಗಿದೆ ಎಂದು ಹೇಳಿದೆನಲ್ಲ. ಒದ್ದೆ ಪಾಚಿಯ ಮೇಲೆ ಹೊಟ್ಟೆ ಎಳೆದುಕೊಂಡು ನಾವು ನಾಲ್ವರು ಹೊರಟೆವು. ಗೆರ್ಮಾನ್ ಒಂದೆರಡು ಸಲ ತಲೆ ಎತ್ತಲು ನೋಡಿದ. ನಾನು ಮನಸ್ಸಿಟ್ಟು ಎಳೆದೆ. ತೊರೆ ಗುಡ್ಡದ ಬುಡದಲ್ಲಿ ತಿರುಗಿತು, ನಾವೂ ತಿರುಗಿದೆವು. ಮತ್ತೊಂದು ಬಳಸು, ಮತ್ತೊಂದು ಕೆಸರು. ಕೊನೆಗೆ ಮೂಗಿಗೆ ಪರಿಚಯದ ವಾಸನೆ ಬಡಿದಾಗ ನಾವೆಲ್ಲಿಗೆ ಬಂದಿದ್ದೇವೆಂದು ನನಗೆ ಹೊಳೆಯಿತು. ಅದು ನಾವು ಚಳಿಗಾಲಕ್ಕೆಂದು ವಾಲ್ರಸ್ ಮಾಂಸವನ್ನು ಹುಳಿ ಬರಿಸಲು ಹುದುಗಿಸಿಡುವ ಗುಂಡಿ. ಅದರ ಆಚೆಗೇ ಬೇಕರಿಯ ಕೊಟ್ಟಿಗೆ.

"ಆಹಾ!" ಗೆರ್ಮಾನ್ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. "ಹತ್ರ ಬಂದ್ವಿ. ಗುಂಪಿನ ವಾಸನೆ ಇದು."

"ಶ್! ಕಿವಿಗೊಟ್ಟು ಕೇಳಿ. ದೊಡ್ಡದು ಒಂದು ಇಲ್ಲೇ ಮಲಗಿದೆ," ಎಂದಳು ಓಮ್ರಿನಾ.

ಕಾವಳದೊಳಗಿಂದ ಬಂತು ನುತೆಯ ಗೊರಕೆ. ಮೊದಲು ನೆಲದಡಿಯಿಂದ ಏಳುವ ಹಾಗೆ ಒಂದು ಗುಡುಗು, ಆಮೇಲೆ ಉದ್ದನೆಯ ಸಿಳ್ಳು, ಕೊನೆಗೆ ತುಟಿ ಅದುರಿಸುವ ಪಟಪಟ. ಇನ್ನಾ ಮೈಕಿನ ಕೋಲನ್ನು ಮುಂದೆ ಚಾಚಿದಳು. ಗೆರ್ಮಾನನ ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟರಲ್ಲಿ ಗೊರಕೆ ನಿಂತಿತು. ನುತೆ ನಮ್ಮ ಭಾಷೆಯಲ್ಲಿ, ತುಂಬ ನೊಂದ ದನಿಯಲ್ಲಿ ಕನವರಿಸಿದ. "ಹಸಿ ಕಲ್ಲಿದ್ದಲು... ಮತ್ತೆ ಹಸಿ ಕಲ್ಲಿದ್ದಲೇ ಕೊಟ್ಟವ್ರೆ..."

ಗೆರ್ಮಾನನಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ಇನ್ನಾಗೂ ಬರುತ್ತಿರಲಿಲ್ಲ, ಆದರೆ ಆ ಹುಡುಗಿಯ ಕಿವಿಗೆ ಹೆಡ್‌ಫೋನ್ ಇತ್ತು, ಮನುಷ್ಯ ಹೊರಳಿದಾಗ ಮಂಚ ಕಿರುಗುಟ್ಟಿದ್ದೂ ಕೇಳಿಸಿರಬೇಕು. ಆಕೆ ನಿಧಾನವಾಗಿ ತಿರುಗಿ ಓಮ್ರಿನಾಳ ಮುಖ ನೋಡಿದಳು. ಓಮ್ರಿನಾ ಹುಬ್ಬು ಎತ್ತಿದಳು. ಇನ್ನಾ ಕೆಳತುಟಿ ಕಚ್ಚಿಕೊಂಡು, ಏನೂ ಆಗಿಲ್ಲವೆಂಬಂತೆ ಮೈಕನ್ನು ಇನ್ನೂ ಸ್ವಲ್ಪ ಮುಂದಕ್ಕೆ ಚಾಚಿದಳು. ಕಾವಳ ಹಾಗೇ ಇತ್ತು, ಮಾರನೆಯ ದಿನವೇ ಹೆಲಿಕಾಪ್ಟರು; ಇಬ್ಬರೂ ಬಿಸಿ ಬ್ರೆಡ್ಡು ಕಟ್ಟಿಸಿಕೊಂಡು ಹೊರಟುಹೋದರು.

ಚಿತ್ರ ಟೀವಿಯಲ್ಲಿ ಬರುತ್ತದೆಂದು ಸುದ್ದಿ ಬಂದಾಗ ವಾಲ್ರಸ್‌ಗಳು ಇನ್ನೂ ಮರಳ ಮೇಲೇ ಇದ್ದವು. ಸಂಜೆ ಊರೆಲ್ಲ ಕ್ಲಬ್ಬಿನಲ್ಲಿ ಸೇರಿತು. ದನಿ ತಗ್ಗಿಸಿಟ್ಟ ಟೀವಿಯಲ್ಲಿ ಕಾವಳವೋ ಕಾವಳ. ಎಲ್ಲಿಂದಲೋ ತಂದು ಸೇರಿಸಿದ ಹಳೆಯ ವಾಲ್ರಸ್ ಚಿತ್ರಗಳು. ಅವುಗಳ ಮೇಲೆ ನುತೆಯ ಗೊರಕೆ.

"ಇಲ್ಲಿ ಮನುಷ್ಯ ತೆವಳಬೇಕು," ಎನ್ನುತ್ತಿದ್ದ ಗೆರ್ಮಾನ್ ಗದ್ಗದಿತನಾಗಿ. "ಕೇಳಿ ಈ ದನಿಯನ್ನು. ಇದು ಕಳೆದುಹೋದ ಮರಿಯನ್ನು ಕರೆಯುವ ತಾಯಿಯ ದುಃಖ." ಆಮೇಲೆ ಆ ತಾಯಿ ಸ್ಪಷ್ಟವಾಗಿ ಹೇಳಿತು: "ಮತ್ತೆ ಹಸಿ ಕಲ್ಲಿದ್ದಲೇ ಕೊಟ್ಟವ್ರೆ."

ರಿಟ್ಗೆವ್ ತಾತ ಟೋಪಿಯನ್ನು ಬಾಯಿಗೆ ತುರುಕಿಕೊಂಡ. ಝೋಯಾ ನನ್ನ ತೋಳು ಕಚ್ಚಿದಳು, ನನ್ನದೇ ತೋಳು ಯಾಕೆ ಬೇಕಿತ್ತೋ. ಆಗ ಮುಂದಿನ ಸಾಲಿನಿಂದ ನುತೆ ಹೆಂಡತಿಯ ಕಡೆ ಬಗ್ಗಿ ಮೆಲ್ಲಗೆ ಕೇಳಿದ:

"ಅಲ್ವೇ, ಈ ವಾಲ್ರಸ್ಸಿಗೆ ನಮ್ಮ ಬಾಯ್ಲರ್ ವಿಷ್ಯ ಹೆಂಗೆ ಗೊತ್ತು?"

ಓಮ್ರಿನಾ ಎದ್ದು ನಿಂತಳು. ಮುಖ ಕೆಂಪಾಗಿ ಗಂಟಲು ಉಬ್ಬಿತ್ತು. ಒಂದು ಕೈ ಬಾಯಿಗೆ ಒತ್ತಿಕೊಂಡು ಇನ್ನೊಂದು ಕೈಯಿಂದ ಬಾಗಿಲು ತೋರಿಸಿದಳು. ಊರಿಗೆ ಊರೇ, ಮುದುಕರು ಮಕ್ಕಳೆನ್ನದೆ, ಬಾಯಿಗೆ ಕೈ, ಸ್ಕಾರ್ಫು, ಕೈಗವಸು ಸಿಕ್ಕಿದ್ದು ತುರುಕಿಕೊಂಡು, ಒಂದೂ ಸದ್ದಿಲ್ಲದೆ ಗುಡ್ಡ ಹತ್ತಿತು. ಹವಾಮಾನ ಠಾಣೆಯ ಹತ್ತಿರ ತಲುಪಿದ ಮೇಲೆ ಓಮ್ರಿನಾ ಕೈ ತೆಗೆದಳು. ಆ ನಗುವಿಗೆ ಠಾಣೆಯಲ್ಲಿ ಉಳಿದಿದ್ದ ಒಂದೇ ಒಂದು ಕಿಟಕಿ ಗಾಜೂ ಬಿತ್ತು ಎನ್ನುತ್ತಾರೆ. ಗುಡ್ಡದಾಚೆ ಕಟ್ಟಿಹಾಕಿದ್ದ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು. ನುತೆ ಮಾತ್ರ, ತನಗೇನೂ ಅರ್ಥವಾಗದೆ, ಎಲ್ಲರ ಬೆನ್ನು ಸವರುತ್ತಾ ಓಡಾಡುತ್ತಿದ್ದ.

ಆ ಚಿತ್ರ ಎಲ್ಲೆಲ್ಲಿ ಯಾರ್ಯಾರನ್ನು ಅಳಿಸಿತೋ ಗೊತ್ತಿಲ್ಲ. ಚಳಿಗಾಲದ ಹೊತ್ತಿಗೆ ಜಿಲ್ಲೆಯಿಂದ ಆದೇಶವೇ ಬಂತು: ವಾಲ್ರಸ್‌ಗಳು ದಡದಲ್ಲಿರುವಷ್ಟು ಕಾಲ ಹೆಲಿಕಾಪ್ಟರುಗಳು ಮರಳಪಟ್ಟಿಯ ಮೇಲೆ ಹಾರಬಾರದು, ಹಡಗುಗಳು ದೂರದಿಂದಲೇ ಸಾಗಬೇಕು, ಹೊರಗಿನವರು ಊರಿನ ಒಪ್ಪಿಗೆಯಿಲ್ಲದೆ ಹೋಗಬಾರದು. ರಿಟ್ಗೆವ್ ತಾತ ಮಾತಿನಲ್ಲಿ ಬೇಡಿದ್ದನ್ನೆಲ್ಲ ನುತೆ ನಿದ್ದೆಯಲ್ಲಿ ಗಿಟ್ಟಿಸಿದ್ದ. ನಮ್ಮ ಭಾಷೆ ಬಲ್ಲವರು ಯಾರೋ ಮೇಲೆಯೂ ಇದ್ದಿರಬೇಕು. ಮುಂದಿನ ಸಲ ಬಂದ ಕಲ್ಲಿದ್ದಲು ಚೆನ್ನಾಗಿ ಒಣಗಿತ್ತು.

ಮರುವರ್ಷ ಗೆರ್ಮಾನ್ ಮತ್ತೆ ಬಂದ, ಈ ಸಲ ಒಪ್ಪಿಗೆ ಕೇಳಿಕೊಂಡು. ಸರಸರ ಎನ್ನದ ಕೋಟು ತೊಟ್ಟಿದ್ದ. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿದ್ದ ಒಂದು ತಿಳಿಯಾದ ದಿನ ಓಮ್ರಿನಾ ಅವನನ್ನು ಬಂಡೆಯ ನೆತ್ತಿಗೆ ಕರೆದೊಯ್ದಳು. ನಾನೂ ಹೋದೆ. ಕೆಳಗೆ, ದೂರದಲ್ಲಿ, ಇಡೀ ಮರಳಪಟ್ಟಿ ಕಂದುಬಣ್ಣಕ್ಕೆ ತಿರುಗಿ ಉಸಿರಾಡುತ್ತಿತ್ತು. ದುರ್ಬೀನಿನಲ್ಲಿ ತಾಯಂದಿರ ಬೆನ್ನ ಮೇಲೆ ಮಲಗಿದ ಮರಿಗಳು ಕಾಣುತ್ತಿದ್ದವು. ಗುರುಗುಟ್ಟುವ ಸದ್ದು ಗಾಳಿಯಲ್ಲಿ ತೇಲಿಬರುತ್ತಿತ್ತು. ಗೆರ್ಮಾನ್ ತುಂಬ ಹೊತ್ತು ಕಿವಿಗೊಟ್ಟು ಕೇಳಿದ. ಆಮೇಲೆ ದುರ್ಬೀನು ಇಳಿಸಿದ.

"ಚೆನ್ನಾಗಿವೆ. ಆದ್ರೂ ಹೋದ ವರ್ಷದ್ದು ಬೇರೆ. ಇವುಗಳ ದನೀಲಿ ಆ ಆಳ ಇಲ್ಲ."

ನಾನು ಪಾಚಿಯಲ್ಲಿ ಮುಖ ಹುದುಗಿಸಿದೆ. ಓಮ್ರಿನಾ ಮಾತ್ರ ಅಲುಗಲಿಲ್ಲ.

"ಅದಕ್ಕೆ ವಯಸ್ಸಾಗಿತ್ತು ಸ್ವಾಮೀ," ಎಂದು ಪಿಸುಗುಟ್ಟಿದಳು. "ತುಂಬ ಕಷ್ಟಪಟ್ಟ ಜೀವ."

ಗೆರ್ಮಾನ್ ಗಂಭೀರವಾಗಿ ಟೋಪಿ ತೆಗೆದ. ಓಮ್ರಿನಾಳೂ ತಲೆವಸ್ತ್ರ ಸರಿಪಡಿಸಿಕೊಂಡು ತಲೆ ಬಾಗಿಸಿದಳು. ಕೆಳಗೆ ಒಂದು ಮರಿ ತಾಯಿಯ ಬೆನ್ನಿನಿಂದ ಜಾರಿ ಪಕ್ಕದ ಮುದಿಗಂಡಿನ ಮೂತಿಯ ಮೇಲೆ ಬಿತ್ತು. ಮುದಿಗಂಡು ಕಣ್ಣು ಬಿಟ್ಟು, ದಾಡೆ ಎತ್ತಿ, ಯಾಕೋ ಮನಸ್ಸು ಬದಲಿಸಿ ಮತ್ತೆ ಮಲಗಿತು.